ಮಾವ ಬಚ್ಚಿಟ್ಟಿದ್ದ ಜೌಗು

ನಮ್ಮ ಸೋದರಮಾವನ ಜೊತೆ ರಸ್ತೆಯಲ್ಲಿ ನಡೆಯುವುದೆಂದರೆ ಪ್ರಾಣಸಂಕಟ. ಮಾತು ಅರ್ಧಕ್ಕೆ ಬರುವಷ್ಟರಲ್ಲಿ ನಿಂತುಬಿಡುತ್ತಿದ್ದ. ತಂತಿಯ ಮೇಲೆ ಏನೋ ಕೂತಿರುತ್ತಿತ್ತು. ಹಿಂದೆ ಬರುತ್ತಿದ್ದ ಸೈಕಲ್ಲಿನವನು ಬೈದುಕೊಂಡು ಹೋಗುತ್ತಿದ್ದ. ಅತ್ತೆ ತರಕಾರಿ ಚೀಲ ಹಿಡಿದು ಎಷ್ಟೋ ಮುಂದೆ ಹೋಗಿ, ಗಂಡ ಪಕ್ಕದಲ್ಲೇ ಇದ್ದಾನೆಂದುಕೊಂಡು ಒಬ್ಬಳೇ ಮಾತಾಡುತ್ತಿರುತ್ತಿದ್ದಳು. ಒಮ್ಮೆ ಮನೆ ಬದಲಿಸುವಾಗ ಮಂಚದ ಒಂದು ತುದಿ ಹಿಡಿದಿದ್ದವನು ಮರ ನೋಡುತ್ತಾ ನಿಂತ. ಇನ್ನೊಂದು ತುದಿ ಹಿಡಿದಿದ್ದ ನಮ್ಮಪ್ಪ ಹೋಗಿ ಗೋಡೆಗೆ ಬಡಿದುಕೊಂಡ. ಭಾವಮೈದುನನ ಮಾತು ಬಂದಾಗಲೆಲ್ಲ ಅಪ್ಪ ಮೊಣಕೈ ಸವರಿಕೊಳ್ಳುವುದನ್ನು ನಾನು ಬಹಳ ವರ್ಷ ನೋಡಿದ್ದೇನೆ.

ಮಾವನದು ಕನ್ನಡಕದಂಗಡಿ. ಪೇಟೆ ಬೀದಿಯಲ್ಲಿ ಔಷಧಿ ಅಂಗಡಿಗೂ ಕ್ಷೌರದಂಗಡಿಗೂ ನಡುವೆ ಸಿಕ್ಕಿಕೊಂಡ ಸಣ್ಣ ಕೋಣೆ. ಕಣ್ಣು ಪರೀಕ್ಷೆಗೆ ಕೋಣೆಯ ಉದ್ದ ಸಾಲುತ್ತಿರಲಿಲ್ಲ. ಅದಕ್ಕೆ ಅಕ್ಷರಗಳ ಬೋರ್ಡನ್ನು ತಿರುಗುಮುರುಗಾಗಿ ಬರೆಸಿ ಗಿರಾಕಿಯ ತಲೆಯ ಹಿಂದೆ ತೂಗುಹಾಕಿದ್ದ. ಎದುರಿನ ಕನ್ನಡಿಯಲ್ಲಿ ಅದು ನೆಟ್ಟಗೆ ಕಾಣುತ್ತಿತ್ತು, ದೂರವೂ ದುಪ್ಪಟ್ಟಾಗುತ್ತಿತ್ತು. ಹಿಂದಿನ ಕೋಣೆಯಲ್ಲಿ ನೀರು ತೊಟ್ಟಿಕ್ಕುವ ಸಾಣೆಚಕ್ರ. ಮಸೂರದ ನಟ್ಟನಡುವೆ ಶಾಯಿಯ ಚುಕ್ಕೆ ಇಟ್ಟು, ಅಂಚನ್ನು ಚಕ್ರಕ್ಕೆ ಹಿಡಿದು ಫ್ರೇಮಿನ ಅಳತೆಗೆ ಸವೆಸುತ್ತಿದ್ದ. ಕಾಲೇಜು ಓದಲು ಅವರ ಮನೆಗೆ ಬಂದ ನಾನು ಓದು ಮುಗಿದು ಶಾಲೆಯಲ್ಲಿ ಕೆಲಸ ಸಿಕ್ಕ ಮೇಲೂ ಅಲ್ಲೇ ಉಳಿದುಕೊಂಡೆ. ಅವರಿಗೆ ಮಕ್ಕಳಿರಲಿಲ್ಲ, ನನಗೂ ಅಲ್ಲಿಂದ ಎದ್ದು ಹೋಗುವ ಮನಸ್ಸಿರಲಿಲ್ಲ. ಒದ್ದೆ ಗಾಜಿನ ಪುಡಿಯ ಆ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ಆ ಕೋಣೆಯೇ ಕಣ್ಣಮುಂದೆ ಬರುತ್ತದೆ.

ಪಕ್ಕದ ಔಷಧಿ ಅಂಗಡಿಯ ಕಾಂಪೌಂಡರ್ ಮಾವನಿಗೆ ಚಡ್ಡಿ ದೋಸ್ತ. ಮಾವ ಎಷ್ಟು ಮೆತ್ತಗೋ ಇವನು ಅಷ್ಟು ಗಡಸು. ನಕ್ಕರೆ ಔಷಧಿಯ ಬೆಲೆ ಇಳಿಸಬೇಕಾಗುತ್ತದೇನೋ ಎಂಬಂತೆ ಮುಖ ಬಿಗಿದುಕೊಂಡಿರುತ್ತಿದ್ದ. ಭಾನುವಾರ ಬೆಳಕು ಹರಿಯುವ ಮೊದಲೇ ಇವರಿಬ್ಬರೂ, ಇನ್ನು ಮೂರ್ನಾಲ್ಕು ಮಂದಿಯೂ ಸೈಕಲ್ ಹತ್ತಿ ಹಕ್ಕಿ ನೋಡಲು ಹೋಗುತ್ತಿದ್ದರು. ಎಲ್ಲಿಗೆ ಎಂದು ಕೇಳಿದರೆ "ಹೀಗೇ, ಆ ಕಡೆ" ಎಂದು ಕೈ ಬೀಸುವರು. ಅದು ಅವರ ಗುಂಪಿನ ಕಟ್ಟಳೆ. ಹಿಂದೊಮ್ಮೆ ಗೂಬೆಯ ಗೂಡೊಂದನ್ನು ಕಂಡು ಸಂಭ್ರಮದಿಂದ ಊರಿಗೆಲ್ಲ ಹೇಳಿದ್ದರಂತೆ. ವಾರದೊಳಗೆ ಯಾರೋ ಮರ ಹತ್ತಿ ಮರಿಗಳನ್ನು ಹೊತ್ತೊಯ್ದರು. ಅಂದಿನಿಂದ ಗೂಡು ಕಂಡರೆ ಬಾಯಿಗೆ ಬೀಗ. ಹೆಂಡತಿಗೂ ಹೇಳುವಂತಿಲ್ಲ.

ಆ ಬೀಗ ಎಲ್ಲಕ್ಕಿಂತ ಭದ್ರವಾಗಿದ್ದದ್ದು ಒಂದು ಹಕ್ಕಿಯ ವಿಷಯದಲ್ಲಿ. ಊರಾಚೆ, ಇಟ್ಟಿಗೆ ಭಟ್ಟಿಯವರು ಮಣ್ಣು ಬಗೆದು ಬಿಟ್ಟುಹೋದ ಹಳ್ಳಗಳಲ್ಲಿ ನೀರು ನಿಂತು, ಆಳೆತ್ತರದ ಜೊಂಡು ಬೆಳೆದು ದೊಡ್ಡ ಜೌಗಾಗಿತ್ತು. ಅಲ್ಲಿಗೆ ವರ್ಷಕ್ಕೊಮ್ಮೆ ಕೊಕ್ಕರೆಯ ಜಾತಿಯ ಒಂದು ಜೋಡಿ ಬಂದು ಗೂಡು ಕಟ್ಟುತ್ತಿತ್ತು. ಸುತ್ತಮುತ್ತ ಇನ್ನೆಲ್ಲೂ ಆ ಹಕ್ಕಿ ಇರಲಿಲ್ಲ. ಗುಂಪಿನವರು ಅದರ ಹೆಸರನ್ನೂ ಎತ್ತದೆ "ಬಾಡಿಗೆದಾರರು" ಎನ್ನುತ್ತಿದ್ದರು. "ಬಾಡಿಗೆದಾರರು ಬಂದ್ರು" ಎಂದು ಮಾವ ಫೋನಿನಲ್ಲಿ ಪಿಸುಗುಟ್ಟಿದ್ದನ್ನು ಕೇಳಿಸಿಕೊಂಡ ಯಾರೋ, ಮಹಡಿ ಮನೆ ಬಾಡಿಗೆಗೆ ಕೊಡುತ್ತೀರಾ ಎಂದು ಅತ್ತೆಯನ್ನು ವಿಚಾರಿಸಿದ್ದೂ ಉಂಟು. ನಮ್ಮ ಮನೆಗೆ ಮಹಡಿಯೇ ಇರಲಿಲ್ಲ.

ನನ್ನನ್ನು ನಂಬಿ ಅಲ್ಲಿಗೆ ಕರೆದೊಯ್ಯಲು ಮಾವನಿಗೆ ವರ್ಷಗಳೇ ಬೇಕಾದವು. ಇಬ್ಬನಿಯಲ್ಲಿ ನೆನೆದು, ಸೊಳ್ಳೆ ಕಚ್ಚಿಸಿಕೊಂಡು, ಇದೇನು ಹುಚ್ಚೋ ಎಂದು ಒಳಗೊಳಗೇ ಬೈಯುತ್ತಾ ನಿಂತಿದ್ದೆ. ಆಗ ಜೊಂಡಿನೊಳಗಿಂದ ಬಂತು ಆ ದನಿ. ಖಾಲಿ ಕೊಡದ ಬಾಯಿಗೆ ತುಟಿಯಿಟ್ಟು ಊದಿದರೆ ಬರುತ್ತದಲ್ಲ, ಹಾಗೆ. ಕಿವಿಗಿಂತ ಮೊದಲು ಹೊಟ್ಟೆಗೆ ತಾಗಿತು. ಸ್ವಲ್ಪ ಹೊತ್ತಿಗೆ ಹಕ್ಕಿಯೂ ಕಂಡಿತು. ಕೊಕ್ಕನ್ನು ಆಕಾಶಕ್ಕೆ ಎತ್ತಿ ಕದಲದೆ ನಿಂತಿತ್ತು. ಕತ್ತಿನ ಗೆರೆಗಳು ಜೊಂಡಿನ ಗೆರೆಗಳಲ್ಲಿ ಸೇರಿಹೋಗಿದ್ದವು. ಮಾವನ ಕಣ್ಣು ತುಂಬಿತ್ತು. "ಯಾರಿಗೂ ಹೇಳ್ಬೇಡ ಕಣೇ" ಅಂದ. ನಾನು ಹೇಳಲಿಲ್ಲ.

ನಾವು ಯಾರೂ ಹೇಳದೇ ಇದ್ದದ್ದೇ ಕೊನೆಗೆ ಮುಳುವಾಯಿತು.

ಪೇಟೆ ಬೀದಿಯಲ್ಲಿ ಲಾರಿಗಳ ಕಾಟ ವಿಪರೀತವಾಗಿ, ಅವಕ್ಕೆಂದೇ ಒಂದು ನಿಲ್ದಾಣ ಮಾಡಲು ನಗರಸಭೆ ಹೊರಟಿತು. ಆರಿಸಿದ್ದು ಆ ಜೌಗನ್ನೇ. ಸಾರ್ವಜನಿಕರ ಸಭೆ ಕರೆದರು. ಎಂಜಿನಿಯರ್ ನಕ್ಷೆ ಹರಡಿ, "ಜೊಂಡು, ಕೆಸರು, ಸೊಳ್ಳೆ. ಯಾರೂ ಬಳಸದ ಜಾಗ. ಮುಂದಿನ ತಿಂಗಳ ಸಭೇಲಿ ಒಪ್ಪಿಗೆ ಆದ್ರೆ ಮಣ್ಣು ತುಂಬಿಸೋಕೆ ಶುರು ಮಾಡ್ತೀವಿ" ಎಂದರು. ಮನುಷ್ಯ ಕೆಟ್ಟವನೇನಲ್ಲ. ಜನ ಚಪ್ಪಾಳೆ ತಟ್ಟಿದರು. ನಾನು ಅವರ ಜಾಗದಲ್ಲಿದ್ದರೆ ನಾನೂ ತಟ್ಟುತ್ತಿದ್ದೆ.

ಮಾವ ಎದ್ದು ನಿಂತ. "ಅಲ್ಲಿ ಹಕ್ಕಿಗಳಿವೆ" ಅಂದ.

"ಯಾವ ಹಕ್ಕಿ? ಎಲ್ಲಿದೆ ತೋರಿಸಿ" ಎಂದರು ಎಂಜಿನಿಯರ್.

ಮಾವ ಕಾಂಪೌಂಡರನ ಮುಖ ನೋಡಿದ. ಕಾಂಪೌಂಡರ್ ಬೇಡವೆಂದು ತಲೆಯಾಡಿಸಿದ. ಮಾವ ಕೂತುಬಿಟ್ಟ. ಆಗ ಪಕ್ಕದಂಗಡಿಯ ಕ್ಷೌರಿಕ ಎದ್ದ. ಅವನೂ ಮಾವನಿಗೆ ಬೇಕಾದವನೇ.

"ಇಷ್ಟು ವರ್ಷ ನಿಮ್ಮ ತಲೇನ ನನ್ನ ಕೈಗೇ ಕೊಟ್ಟಿದೀರಿ. ಕೂದಲು ಕತ್ತರಿಸುವಾಗ ಲೋಕದ ಮಾತೆಲ್ಲ ಆಡಿದೀವಿ. ಹಕ್ಕಿ ಅಂತ ಒಂದು ದಿನ ಬಾಯಿ ಬಿಟ್ಟಿಲ್ಲ. ಈಗ ನಮಗೆ ಜಾಗ ಬೇಕು ಅಂದ ಕೂಡ್ಲೇ ಹಕ್ಕಿ ಹುಟ್ಟಿಕೊಳ್ತಾ?"

ಸಭೆ ಗೊಳ್ಳೆಂದು ನಕ್ಕಿತು.

ಮರುದಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಬ್ಬರು ಗೆಳೆಯರಿಗೂ ಜಟಾಪಟಿ. ನಾನು ಚಹಾ ಹಿಡಿದು ಬಾಗಿಲಲ್ಲೇ ನಿಂತೆ.

"ಜನರನ್ನ ಕರ್ಕೊಂಡು ಹೋಗಿ ತೋರಿಸ್ತೀನಿ" ಅಂದ ಮಾವ.

"ತಲೆ ಕೆಟ್ಟಿದೆಯೇನೋ? ಹೆಣ್ಣು ಕಾವಿಗೆ ಕೂತಿದೆ. ಈಗ ಜನ ನುಗ್ಗಿದ್ರೆ ಮೊಟ್ಟೆ ಬಿಟ್ಟು ಎದ್ದು ಹೋಗುತ್ತೆ. ಹೋದ್ರೆ ಮತ್ತೆ ಈ ಕಡೆ ತಲೆ ಹಾಕಲ್ಲ. ನಿನಗೆ ಗೊತ್ತಿಲ್ವಾ?"

"ಗೊತ್ತು."

"ಮರಿ ಹಾರೋವರೆಗಾದ್ರೂ ತಡಿ."

"ಅಷ್ಟರಲ್ಲಿ ಒಪ್ಪಿಗೆ ಆಗಿಹೋಗಿರುತ್ತೆ. ಊರವರ ಪಾಲಿಗೆ ಅದು ಖಾಲಿ ಜಾಗ ಕಣೋ. ಖಾಲಿ ಮಾಡಿದ್ದು ನಾವೇ, ಬಾಯಿ ಮುಚ್ಚಿಕೊಂಡು."

"ನೀನು ಜನರನ್ನ ಕರ್ಕೊಂಡು ಹೋದ ದಿನಕ್ಕೆ ನಮ್ಮಿಬ್ಬರದೂ ಮುಗೀತು" ಎಂದು ಕಾಂಪೌಂಡರ್ ಎದ್ದ. ನನ್ನ ಕೈಯಲ್ಲಿದ್ದ ಚಹಾ ಕಡೆ ತಿರುಗಿಯೂ ನೋಡದೆ ಹೋದ.

ಮನೆಯಲ್ಲಿ ಅತ್ತೆ ಸೊಪ್ಪು ಬಿಡಿಸುತ್ತಿದ್ದಳು. ಹಿಂದಿನ ರಾತ್ರಿ ಮಾವ ಕಟ್ಟಳೆ ಮುರಿದು ಅವಳಿಗೆ ಎಲ್ಲ ಹೇಳಿಬಿಟ್ಟಿದ್ದ. ಮಾವ ಎದುರಿಗೆ ಬಂದು ಕೂತು ದಂಟನ್ನೂ ಎಲೆಯನ್ನೂ ಒಟ್ಟಿಗೇ ಮುರಿಯತೊಡಗಿದ.

"ರೀ, ಆ ಹಕ್ಕಿ ಹೋದ್ರೆ ತಡ್ಕೋತೀರಾ?" ಎಂದು ಕೇಳಿದಳು.

"ಇಲ್ಲ."

"ಜಾಗ ಹೋದ್ರೆ?"

"ಅದೂ ಆಗಲ್ಲ."

"ಹಾಗಾದ್ರೆ ಯಾವುದನ್ನ ಕಳ್ಕೊಂಡ್ರೆ ಅತ್ತುಕೊಂಡಾದ್ರೂ ಬದುಕ್ತೀರಿ ಅಂತ ಯೋಚಿಸಿ. ಸೊಪ್ಪು ಹಾಳು ಮಾಡಬೇಡಿ, ಇಲ್ಲಿ ಕೊಡಿ" ಅಂದಳು. ನನ್ನ ಅತ್ತೆ ಹಕ್ಕಿ ನೋಡಲು ಒಂದು ದಿನವೂ ಹೋದವಳಲ್ಲ. ಮಾವ ಸೊಪ್ಪನ್ನು ಅವಳ ಕೈಗೆ ಕೊಟ್ಟು ಎದ್ದ.

ಮಾವ ಭಾಷಣ ಮಾಡುವವರ ಪೈಕಿಯವನಲ್ಲ. ತನಗೆ ಬರುವ ಕೆಲಸದಿಂದಲೇ ಶುರುಮಾಡಿದ. ಊರಿನ ಅರ್ಧ ಮೂಗುಗಳ ಮೇಲೆ ಕೂತಿದ್ದದ್ದು ಅವನ ಕನ್ನಡಕಗಳೇ. ಹೊಸ ಕನ್ನಡಕ ತೆಗೆದುಕೊಳ್ಳಲು ಬಂದವರಿಗೆ, "ಈ ಬೋರ್ಡಲ್ಲಿ ದೂರ ಸರಿಯಾಗಿ ಗೊತ್ತಾಗಲ್ಲ. ಬೆಳಿಗ್ಗೆ ಜೌಗಿನ ಹತ್ರ ಬನ್ನಿ, ಹಾಕಿ ನೋಡೋಣ" ಎನ್ನತೊಡಗಿದ. ಮೊದಲು ಬಂದದ್ದು ಕ್ಷೌರಿಕ, ಅದೂ ಮಾವನನ್ನು ಆಡಿಕೊಳ್ಳಲಿಕ್ಕೆ. ಮಾವ ಅವನ ಹಳೆಯ ಕನ್ನಡಕದ ಸ್ಕ್ರೂ ಬಿಗಿದು, ಗಾಜು ಒರೆಸಿ, ದಂಡೆಯ ಮೇಲೆ ನಿಲ್ಲಿಸಿದ. ದನಿ ಬಂತು. ಕ್ಷೌರಿಕ ಮಾವನ ತೋಳು ಹಿಡಿದುಕೊಂಡ. "ಇದು ನಮ್ಮೂರಲ್ಲೇ ಇತ್ತಾ?" ಎಂದು ಎರಡೆರಡು ಸಲ ಕೇಳಿದ. ಮುಂದಿನದು ಮಾವನ ಕೈಯಲ್ಲಿರಲಿಲ್ಲ. ಕ್ಷೌರಿಕನ ಬಾಯಿಗೆ ಬಿದ್ದ ಸುದ್ದಿ ಸಂಜೆಯೊಳಗೆ ಊರೆಲ್ಲ ಸುತ್ತಿತು.

ಜನ ಬಂದರು. ಅಂಗಡಿಯವರು, ಟೀಚರುಗಳು, ಲಾರಿ ಡ್ರೈವರುಗಳು, ಕಂಕುಳಲ್ಲಿ ಮಗು ಎತ್ತಿಕೊಂಡ ಹೆಂಗಸರು. ಮಾವ ಹಗ್ಗ ಕಟ್ಟಿ, ಬೆರಳು ತುಟಿಗಿಟ್ಟು, ಕಾಲಿಗೆ ಬೀಳುವುದೊಂದು ಬಾಕಿ, ಎಲ್ಲರನ್ನೂ ದೂರ ನಿಲ್ಲಿಸಲು ನೋಡಿದ. ಆದರೂ ಜನ ಜನವೇ. ಯಾರೋ ಕೆಮ್ಮಿದರು, ಯಾರದೋ ಮಗು ಅತ್ತಿತು, ಯಾರೋ ಹತ್ತಿರದಿಂದ ನೋಡಬೇಕೆಂದು ಜೊಂಡಿಗೇ ಇಳಿದರು. ಎಂಜಿನಿಯರೂ ಬಂದು ಒಂದು ಬೆಳಿಗ್ಗೆ ಕೈಕಟ್ಟಿ ನಿಂತು ಕೇಳಿಸಿಕೊಂಡು ಹೋದರು.

ಸಭೆಯ ಹಿಂದಿನ ದಿನ ಮಾವನೂ ನಾನೂ ಹೋದಾಗ ದನಿಯಿರಲಿಲ್ಲ. ಮಾವ ಸೊಂಟದವರೆಗೆ ನೀರಿಗಿಳಿದು ಜೊಂಡು ಸರಿಸಿದ. ಗೂಡಿನಲ್ಲಿ ಮೊಟ್ಟೆಗಳಿದ್ದವು. ಒಂದರ ಮೇಲೆ ಬೆರಳಿಟ್ಟು ನೋಡಿ, "ತಣ್ಣಗಾಗಿವೆ" ಅಂದ. ಮೇಲೆ ಬಂದು ಕೆಸರು ಕಾಲಲ್ಲೇ ದಂಡೆಯ ಮೇಲೆ ಕೂತ. ನಾನು ಪಕ್ಕದಲ್ಲಿ ಕೂತೆ.

ಸಭೆಗೆ ಊರಿಗೆ ಊರೇ ಬಂದಿತ್ತು. ಹಕ್ಕಿ ಹಾರಿಹೋಗಿದೆಯೆಂದು ಮಾವ ಎದ್ದು ನಿಂತು ಹೇಳಿಯೇಬಿಟ್ಟ. ಮುಚ್ಚಿಡುವುದು ಅವನಿಗೆ ಸಾಕಾಗಿಹೋಗಿತ್ತು. ಆಮೇಲೆ ಕ್ಷೌರಿಕ, "ನಾವು ಹೋಗಿ ಓಡಿಸಿದ್ದು. ಇನ್ನು ಮಣ್ಣೂ ಹಾಕಿದ್ರೆ ನಮಗೆ ಮನುಷ್ಯರು ಅಂತಾರಾ?" ಅಂದ. ಲಾರಿ ನಿಲ್ದಾಣಕ್ಕೆ ಬೇರೆ ಕಡೆ ಜಾಗ ಸಿಕ್ಕಿತು. ಜೌಗನ್ನು ನೋಡಿಕೊಳ್ಳಲು ಒಂದು ಸಮಿತಿಯಾಯಿತು. ಬೇಡ ಬೇಡವೆಂದರೂ ಕೇಳದೆ ಮಾವನನ್ನೇ ಅಧ್ಯಕ್ಷನನ್ನಾಗಿ ಮಾಡಿದರು.

ಅಲ್ಲಿಂದ ಮುಂದೆ ಅವನ ಕಾಲಿಗೆ ಚಕ್ರ. ಪಕ್ಕದ ಊರಿನವರು ಕೆರೆ ಉಳಿಸಿಕೊಡಿ ಎಂದು ಬಂದರು, ಆಚೆ ಊರಿನವರು ಹುಲ್ಲುಗಾವಲಿಗೆ ಬೇಲಿ ಹಾಕುತ್ತಿದ್ದಾರೆಂದು ಬಂದರು. ಎಲ್ಲಿಗೆ ಹೋದರೂ ಅವನು ಮೊದಲು ಹೇಳುತ್ತಿದ್ದದ್ದು ಒಂದೇ: "ನಿಮ್ಮಲ್ಲಿ ಏನಿದೆ ಅಂತ ಮೊದಲು ಊರಿಗೆ ತೋರಿಸಿ." ಗೂಡಿಗೆ ಎಷ್ಟು ದೂರದಲ್ಲಿ ಹಗ್ಗ ಕಟ್ಟಬೇಕು, ಎಷ್ಟು ಜನರನ್ನು ಬಿಡಬೇಕು ಎಂಬುದನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳಿಕೊಡುತ್ತಿದ್ದ. ಎಷ್ಟೋ ನೆಲ ಉಳಿಯಿತು. ಆದರೆ ನಮ್ಮ ಮನೆಯ ಭಾನುವಾರಗಳು ಉಳಿಯಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಹಕ್ಕಿಯ ಹರಟೆ ಹೋಗಿ ಸಮಿತಿಯ ಕುರ್ಚಿಗಳು ಬಂದವು. ಕಾಂಪೌಂಡರ್ ನುಡಿದಂತೆ ನಡೆದ. ಒಂದು ಗೋಡೆಯ ಆಚೀಚೆ ಇದ್ದುಕೊಂಡೇ ಮಾತು ಬಿಟ್ಟ. ಗೋಡೆಯಾಚೆ ಅವನ ಕೆಮ್ಮು ಕೇಳಿದಾಗಲೆಲ್ಲ ಮಾವನ ಸಾಣೆಚಕ್ರ ಒಂದು ಗಳಿಗೆ ನಿಲ್ಲುತ್ತಿತ್ತು. ನನಗೆ ಕಾಂಪೌಂಡರನ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ. ತಲೆನೋವಿನ ಮಾತ್ರೆಗೂ ದೂರದ ಅಂಗಡಿಗೆ ಹೋಗುತ್ತಿದ್ದೆ.

ವರ್ಷ ವರ್ಷ ಆ ಕಾಲ ಬಂದಾಗ ಮಾವ ಬೆಳಗಾಗುವ ಮೊದಲೇ ಜೌಗಿನ ದಂಡೆಗೆ ಹೋಗಿ ನಿಲ್ಲುತ್ತಿದ್ದ. ಬೇರೆ ಹಕ್ಕಿಗಳು ಬೇಕಾದಷ್ಟು ಬಂದವು. ಆ ದನಿ ಬರಲಿಲ್ಲ. ಅವನಿಗೆ ಮೊಣಕಾಲು ನೋವು ಬಂದ ಮೇಲೆ ನಾನು ಜೊತೆಗೆ ಹೋಗತೊಡಗಿದೆ. ಮೊದಲ ದಿನವೇ ಎದುರು ದಂಡೆಯ ಮಂಜಿನಲ್ಲಿ ಯಾರೋ ನಿಂತದ್ದು ಕಂಡಿತು. "ಯಾರು ಮಾವ ಅದು?" ಎಂದೆ. "ಅವನೇ. ಪ್ರತಿ ವರ್ಷ ಬರ್ತಾನೆ" ಅಂದ. ಇಬ್ಬರಿಗೂ ತಲೆ ನರೆತಿತ್ತು. ಆಚೆ ಕಾಂಪೌಂಡರ್, ಈಚೆ ಮಾವ, ಒಂದೇ ದನಿಗೆ ಕಿವಿಗೊಟ್ಟು ಮುಖ ತಿರುಗಿಸಿಕೊಂಡು ನಿಂತಿದ್ದರು.

ಹೋದ ವರ್ಷ ಒಂದು ಬೆಳಿಗ್ಗೆ ಕಾಂಪೌಂಡರ್ ದಂಡೆಯನ್ನು ಸುತ್ತಿಕೊಂಡು, ಕೋಲೂರುತ್ತಾ ನಮ್ಮ ಕಡೆಗೇ ಬಂದ. ಮಾವನ ಪಕ್ಕ ನಿಂತು ನೀರನ್ನೇ ನೋಡಿದ.

"ಈ ವರ್ಷವೂ ಬರ್ಲಿಲ್ಲ."

"ಇಲ್ಲ" ಅಂದ ಮಾವ. "ನಾನೇ ಓಡಿಸಿದ್ದು ಕಣೋ."

"ನೀನೇ. ನನ್ನ ಮಾತು ಕೇಳಿದ್ದಿದ್ರೆ ಅವತ್ತು ಮರಿ ಹಾರ್ತಿದ್ವು."

"ಹೂಂ."

"ಮುಂದಿನ ವರ್ಷ ಅವು ವಾಪಸ್ ಬರೋ ಹೊತ್ತಿಗೆ ಇಲ್ಲಿ ಲಾರಿ ನಿಂತಿರ್ತಿದ್ವು. ಇದು ನನ್ನ ತಲೆಗೆ ಹೋಗೋಕೆ ಇಷ್ಟು ವರ್ಷ ಬೇಕಾಯ್ತು ನೋಡು" ಅಂದ ಕಾಂಪೌಂಡರ್. "ಈಗ ಬಂದ್ರೆ ಇಳಿಯೋಕೆ ಜಾಗ ಇದೆ."

ಮಾವ ಅತ್ತುಬಿಟ್ಟ. ಮೊಟ್ಟೆ ತಣ್ಣಗಾದ ದಿನವೂ ಅತ್ತಿರದವನು, ನನ್ನ ಎದುರಿಗೇ, ಭುಜ ಕುಲುಕಿಸಿಕೊಂಡು ಅತ್ತ. ನನಗೂ ಅಳು ಬಂತು, ನಾಚಿಕೆಯೇನೂ ಆಗಲಿಲ್ಲ. ಕಾಂಪೌಂಡರ್ ಮಾವನ ತೋಳು ಹಿಡಿದುಕೊಂಡ.

"ನಾಳೆ ನಾನು ಈ ಕಡೆಗೇ ಬರ್ತೀನಿ" ಅಂದ. "ಅಲ್ಲಿ ಒಬ್ಬನೇ ನಿಂತು ನಿಂತು ಸಾಕಾಗಿದೆ."