ಪುಟ್ಟಮಾದಪ್ಪ ಕಟ್ಟಿದ ಗಂಟು

ಮುಳ್ಳೂರಿನ ನಮ್ಮ ಪುಟ್ಟಮಾದಪ್ಪ ಹಸು ಕಟ್ಟುವಾಗ ಗಂಟಿನ ಮೇಲೆ ಗಂಟು ಹಾಕುತ್ತಿದ್ದ. ಬೆಳಗಾದರೆ ಅದನ್ನು ಬಿಡಿಸಲು ಹೆಂಡತಿ ಗುರುಬಸಮ್ಮ ಕುಡುಗೋಲಿನ ಮೊನೆ ಹಾಕಿ ಒದ್ದಾಡಬೇಕಿತ್ತು. ಕೇಳಿದರೆ ಮಿಲಿಟರಿ ಅಭ್ಯಾಸ ಎಂದುಬಿಡುತ್ತಿದ್ದ.

ಅವನು ವಾಯುಪಡೆಯಲ್ಲಿ ಡಕೋಟ ವಿಮಾನಗಳಿಗೆ ಸರಕು ತುಂಬುತ್ತಿದ್ದವನು. ಅಸ್ಸಾಮಿನ ಬಯಲಿನಿಂದ ಬೆಟ್ಟದ ಠಾಣೆಗಳಿಗೆ ಅಕ್ಕಿ, ಉಪ್ಪು, ಸೀಮೆಎಣ್ಣೆ ಹೋಗುತ್ತಿತ್ತು. ಎಂಬತ್ತೊಂದರಲ್ಲಿ ಒಂದು ಬೆಳಿಗ್ಗೆ ಸರಕು ಬಿಗಿಯುವ ಪಟ್ಟಿಯ ಬಕಲ್ ಮುರಿದಿತ್ತು. ಮೋಡ ಕವಿಯುವ ಮೊದಲು ಹೊರಡಬೇಕು. ಪುಟ್ಟಮಾದಪ್ಪ ಹಗ್ಗ ತಂದು, ಊರಿನಲ್ಲಿ ಹುಲ್ಲಿನ ಗಾಡಿಗೆ ಹಾಕುವ ಗಂಟನ್ನೇ ಹಾಕಿದ. ಕಣದಲ್ಲಿ ತುದಿ ಹಿಡಿದು ಒಮ್ಮೆ ಜಗ್ಗಿದರೆ ಸಾಕು, ಪೂರಾ ಬಿಚ್ಚಿಕೊಳ್ಳುವ ಗಂಟು. ಇಳಿಸುವವರಿಗೆ ಸುಲಭವಾಗಲಿ ಎಂದುಕೊಂಡಿದ್ದ. ವಿಮಾನ ಬೆಟ್ಟದ ಸಂದಿಯಲ್ಲಿ ಬಿತ್ತು. ನಾಲ್ವರು ಹೋದರು. ಹವೆ ಕೆಟ್ಟಿತ್ತೆಂದು ವರದಿಯಾಯಿತು. ಗಂಟು ಬಿಚ್ಚಿ ಸರಕು ಬಾಲದ ಕಡೆ ಜಾರಿರಬಹುದೆಂಬ ಮಾತನ್ನು ಯಾರೂ ಎತ್ತಲಿಲ್ಲ, ಅವನೂ ಬಾಯಿ ಬಿಡಲಿಲ್ಲ.

ಇಪ್ಪತ್ತಮೂರು ವರ್ಷ ಕಳೆದ ಮೇಲೆ, ಕೊಳ್ಳೇಗಾಲದಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ ತಂಗಿಯ ಮಗ ಗುರುಪ್ರಕಾಶ್ ವಿಮಾನ ಹಾರಿಸುವ ಆಟದ ಸಿ.ಡಿ. ತಂದ. ಅದರಲ್ಲಿ ಡಕೋಟ ಇತ್ತು. ಮಧ್ಯಾಹ್ನ ಸೆಂಟರ್ ಖಾಲಿಯಾದಾಗ ಪುಟ್ಟಮಾದಪ್ಪ ಬಂದು, ಅಂದು ಆ ವಿಮಾನ ಹೋದ ದಾರಿಯಲ್ಲೇ ಹಾರುತ್ತಿದ್ದ. ನದಿ ದಾಟಿ ಉತ್ತರಕ್ಕೆ ತಿರುಗಿ ಸಂದಿ ಕಂಡೊಡನೆ ಅಂಗೈ ಬೆವರಿ ಜಾಯ್‌ಸ್ಟಿಕ್ ಜಾರುತ್ತಿತ್ತು. ಆದರೂ ಪ್ರತಿ ಸಲವೂ ಸುಸೂತ್ರವಾಗಿ ಇಳಿಯುತ್ತಿದ್ದ.

ವಿಮಾನದೊಳಗಿನ ಸರಕಿನ ಭಾರವನ್ನು ಹಿಂದೆ ಮುಂದೆ ಮಾಡುವ ಪುಟವೂ ಆಟದಲ್ಲಿದೆ ಎಂದು ಗುರುಪ್ರಕಾಶ್ ತೋರಿಸಿದ ದಿನ ಎದ್ದು ಹೋದ ಪುಟ್ಟಮಾದಪ್ಪ ಒಂದು ತಿಂಗಳು ಅತ್ತ ತಲೆ ಹಾಕಲಿಲ್ಲ. ಆಮೇಲೆ ಬಂದು ಅಳಿಯನಿಗೆ ಎಲ್ಲವನ್ನೂ ಹೇಳಿದ.

"ಸಂದೀಗೆ ಬಂದಾಗ ಕಣ್ ಮುಚ್ಕತೀನಿ. ಭಾರನೆಲ್ಲ ಬಾಲುಕ್ ಜರುಗ್ಸು."

ಕಣ್ಣು ಬಿಟ್ಟಾಗ ವಿಮಾನ ನೆಟ್ಟಗೆ ಹೋಗುತ್ತಿತ್ತು. ಕ್ಷಣ ಹೊತ್ತು ಅವನ ಮುಖ ಅರಳಿತು. ಮತ್ತೆ ಬಾಡಿತು.

"ಜರುಗಿಸ್ಲಿಲ್ಲ ಕಣ್ಲಾ ನೀನು. ಜರುಗಿದ್ರೆ ಮೂತಿ ಎತ್ಬೇಕಾಗಿತ್ತು."

"ಕೈ ಬರ್ಲಿಲ್ಲ ಮಾವ."

ಪುಟ್ಟಮಾದಪ್ಪ ತಾನೇ ಜರುಗಿಸಿದ. ಹಿಂದೆ ಭಾರವಾದ ಗಾಡಿ ನೊಗವೆತ್ತಿ ಎತ್ತುಗಳ ಕೊರಳು ಬಿಗಿಯುವ ಹಾಗೆ ವಿಮಾನ ಮೂತಿ ಎತ್ತಿತು. ಎರಡು ಕೈಯಿಂದ ಒತ್ತಿದರೂ ತಗ್ಗಲಿಲ್ಲ. ಬೆಟ್ಟ ತಲೆಕೆಳಗಾಗಿ ಪರದೆ ನಿಂತುಹೋಯಿತು. ಗಂಟು ಬಿಚ್ಚಿದ್ದನ್ನು ಕಂಡವರಾರು, ಗಾಳಿಯೇ ಕೆಡವಿರಬಹುದು ಎಂದು ಗುರುಪ್ರಕಾಶ್ ಸಮಾಧಾನ ಹೇಳಿದ. ಪುಟ್ಟಮಾದಪ್ಪ ಹೂಂಗುಟ್ಟಿದ, ಅಷ್ಟೆ.

ಅಂದು ಸಂಜೆ ಗುರುಬಸಮ್ಮನಿಗೂ ಹೇಳಿದ.

"ಇದ್ಕೇಯಾ ಅಸೂಗೆ ಅಷ್ಟೊಂದ್ ಗಂಟಾಕ್ತಿದ್ದುದು? ನಾಳಿಂದ ನಾನೇ ಕಟ್ತೀನಿ, ಬುಡಿ."

ಆಕೆ ಕಟ್ಟಿದ್ದು ಹುಲ್ಲಿನ ಗಾಡಿಯ ಗಂಟನ್ನೇ. ಆಕೆಗೆ ಬರುತ್ತಿದ್ದುದು ಅದೊಂದೇ. ಆಮೇಲೆ ಅವನು ಬದುಕಿದ್ದು ಹತ್ತೊಂಬತ್ತೇ ದಿನ. ಹಸು ಒಂದು ದಿನವೂ ಬಿಚ್ಚಿಕೊಳ್ಳಲಿಲ್ಲ. ಆದರೂ ಹೋಗುವ ಹಿಂದಿನ ಸಂಜೆ ಗೋಡೆ ಹಿಡಿದುಕೊಂಡು ಕೊಟ್ಟಿಗೆಗೆ ನಡೆದು, ಗಂಟನ್ನು ಮುಟ್ಟಿ ನೋಡಿ ಬಂದ.