ವೈಫೈ ಆರಿಸಿದ ಸಂಜೆ

ಮಳೆಗಾಲದಿಂದ ದಿನಾ ಬೆಳಿಗ್ಗೆ ಮೀಟರ್ ನೋಡಿ ಡೈರಿಯಲ್ಲಿ ಬರೆದಿಡುತ್ತಿದ್ದೇನೆ. ಕಂಪ್ಯೂಟರ್, ಪ್ರಿಂಟರ್, ಸ್ಪೀಕರ್ ಸುಮ್ಮನೆ ಕೂತಾಗಲೂ ಕರೆಂಟು ತಿನ್ನುತ್ತವೆ ಎಂದು ಗೊತ್ತಾದ ಮೇಲೆ ಎಲ್ಲವನ್ನೂ ಒಂದೇ ಬೋರ್ಡಿಗೆ ಜೋಡಿಸಿದೆ. ಕೆಲಸ ಮುಗಿದ ಕೂಡಲೇ ಬೋರ್ಡೇ ಬಂದ್. "ಯಂತ್ರಕ್ಕೂ ಉಪಾಸ ಹಾಕಿದಿ ನೋಡವಾ," ಎಂದು ಅವ್ವ ನಗುತ್ತಿದ್ದಳು. ಬರಬರುತ್ತ ಅವಳಿಗೂ ಅದು ರೂಢಿಯಾಯಿತು.

ವೈಫೈ ಡಬ್ಬಿಯನ್ನು ಮಾತ್ರ ಬೇರೆ ಪ್ಲಗ್ಗಿನಲ್ಲಿ ಇಟ್ಟಿದ್ದೆ. ನಮ್ಮ ಮನೆ ತಗ್ಗಿನಲ್ಲಿದೆ. ಒಳಗೆ ಸಿಗ್ನಲ್ ಬರುವುದಿಲ್ಲ, ವೈಫೈ ಇದ್ದರಷ್ಟೇ ಫೋನ್ ಹತ್ತುತ್ತದೆ.

ಭತ್ತ ತೆನೆಗಟ್ಟಿದ ಮೇಲೆ ಕಾಡಾನೆ ನುಗ್ಗುತ್ತವೆಂದು ಅಪ್ಪ ಸಂಜೆಗೇ ಹೊಲಕ್ಕೆ ಹೋಗಿ ಮರದ ಮೇಲಿನ ಅಟ್ಟದಲ್ಲಿ ಕಾವಲು ಕೂರುತ್ತಾನೆ. ಅಟ್ಟ ಏರಿದ ಕೂಡಲೇ ಮಿಸ್ಡ್ ಕಾಲ್ ಕೊಡುವುದು ಪದ್ಧತಿ. ನಾವು ಎತ್ತುವುದಿಲ್ಲ, ಒಮ್ಮೆ ರಿಂಗಾದರೆ ಮುಟ್ಟಿದ ಎಂದು ಅರ್ಥ.

ಆ ಮಂಗಳವಾರ ರಿಂಗಾಗಲಿಲ್ಲ. ಮಬ್ಬುಗತ್ತಲಾಗಿತ್ತು.

"ವೈಫೈ ದೀಪ ಯಾಕ ಹತ್ತಿಲ್ಲ?" ಎಂದೆ.

"ಅದೂ ಸುಮ್ಮನ ಮಿಣಿಮಿಣಿ ಅಂತಿತ್ತಲ್ಲ, ನಾನ ಆರಿಸಿದೆ," ಎಂದಳು ಅವ್ವ.

ಸ್ವಿಚ್ ಹಾಕಿದೆ. ದೀಪ ಹಸಿರಾಗುವವರೆಗೆ ಫೋನ್ ಹಿಡಿದು ಅಲ್ಲೇ ನಿಂತೆ. ಅಪ್ಪನ ಧ್ವನಿ ಸಂದೇಶ ಬಂದು ಬಿತ್ತು. ಏದುಸಿರಿನಲ್ಲಿ ಮಾತಾಡಿದ್ದ: "ಆನಿ ಊರ ಕಡೆ ಹೊಳ್ಳ್ಯಾವ. ನಿಮಗ ಫೋನ್ ಹತ್ತವಲ್ದು. ನಾನ ಇಳದ ಬರಾಕತ್ತೀನಿ. ಬಾಗ್ಲಾ ತೆಗೀಬ್ಯಾಡ್ರಿ."

ಅಟ್ಟದ ಮೇಲೇ ಇದ್ದಿದ್ದರೆ ಅವನಿಗೆ ಅಪಾಯವಿರಲಿಲ್ಲ. ನಮಗಾಗಿ ಇಳಿದಿದ್ದ. ಆನೆ ಹಿಡಿದ ದಾರಿಯೇ ಅವನ ದಾರಿ.

"ಫೋನ್ ಹಚ್ಚು, ವಾಪಸ್ ಅಟ್ಟಕ್ಕ ಹೋಗಂತ ಹೇಳು," ಎಂದಳು ಅವ್ವ.

ಅಪ್ಪನ ನಂಬರಿನ ಮೇಲೆ ಇಟ್ಟ ಬೆರಳನ್ನು ಎತ್ತಿಬಿಟ್ಟೆ. "ಬ್ಯಾಡಬೇ. ಈಗ ಬಾಜೂಕನ ಆನಿ ಇದ್ರ? ರಿಂಗಾದ್ರ?"

ಮೆಸೇಜ್ ಕಳಿಸಿದರೂ ಟಣ್ ಎನ್ನುತ್ತದೆ. ಕೈ ತಾಗಿ ಕರೆ ಹೋದೀತೆಂದು ಫೋನನ್ನು ಹಾಸಿಗೆಯ ಮೇಲಿಟ್ಟು ದೂರ ಕೂತೆವು. ಹೊರಗೆಲ್ಲೋ ಕಬ್ಬು ಮುರಿಯುವ ಸಪ್ಪಳ. ನಾಯಿಗಳು ಬೊಗಳುತ್ತಿದ್ದವು, ಒಮ್ಮೆಲೇ ಸುಮ್ಮನಾದವು.

ಹಾಗೆ ಎಷ್ಟು ಹೊತ್ತು ಕೂತಿದ್ದೆವೆಂದು ಡೈರಿಯಲ್ಲಿ ಬರೆದಿಲ್ಲ. ಹಿತ್ತಲ ಬಾಗಿಲನ್ನು ಯಾರೋ ಉಗುರಿನಿಂದ ಕೆರೆದಂತಾಯಿತು. ಸಂದಿಯಲ್ಲಿ ಇಣುಕಿ ಬಾಗಿಲು ತೆಗೆದೆ. ಅಪ್ಪ. ಮೈಯೆಲ್ಲ ಕೆಸರು.

"ಇಬ್ರೂ ಅದೀರಲ್ಲ," ಎಂದವನೇ ಗೋಡೆಗೊರಗಿ ಕೂತ. ಆನೆಗಳು ಕಬ್ಬಿಗೆ ನುಗ್ಗಿದಾಗ ಅವನು ಪಕ್ಕದ ಕಾಲುವೆಯಲ್ಲಿ ಅಡಗಿದ್ದನಂತೆ. ಅವುಗಳ ಉಸಿರು ಕೇಳಿಸುತ್ತಿತ್ತಂತೆ.

"ಸಂದೇಶ ಕೇಳಿದ ಮ್ಯಾಲೂ ಫೋನ್ ಮಾಡಲಿಲ್ಲಲ್ಲ ನೀವು," ಎಂದ.

"ಅಂಜಿಕಿ ಬಂತಪ್ಪಾ, ರಿಂಗ್ ಕೇಳ್ಯಾವು ಅಂತ," ಎಂದೆ.

ಅಪ್ಪ ಕಿಸೆಯಿಂದ ಫೋನ್ ತೆಗೆದು ನೋಡಿದ. ಸೌಂಡ್ ಪೂರ್ತಿ ಮೇಲಿತ್ತು. ಬಾಜೂ ಗುಂಡಿ ಒತ್ತಿ ಇಳಿಸತೊಡಗಿದ. ಪೂರ್ತಿ ಇಳಿದ ಮೇಲೂ ಒತ್ತುತ್ತಲೇ ಇದ್ದ.