ಭಾಸ್ಕರಣ್ಣನ ರಾಜೀನಾಮೆಗಳು

ಮೂರನೆಯ ಮಹಡಿಯ ಸುಮತಿಯಕ್ಕ ಕಡ್ಲೆಬೇಳೆ ನೆನೆಹಾಕಿದರೆಂದರೆ ಆವತ್ತು ಅವರ ಗಂಡ ಭಾಸ್ಕರಣ್ಣ ಎಲ್ಲಿಗೋ ರಾಜೀನಾಮೆ ಕೊಡುತ್ತಾರೆ ಎಂದು ನಮ್ಮ ಬಿಲ್ಡಿಂಗಿನ ಎಲ್ಲರಿಗೂ ತಿಳಿಯುತ್ತಿತ್ತು. ಡೊಂಬಿವಲಿ ಪೂರ್ವದಲ್ಲಿ ನಮ್ಮದು ಲಿಫ್ಟ್ ಇಲ್ಲದ ನಾಲ್ಕು ಮಹಡಿಯ ಹಳೆಯ ಕಟ್ಟಡ. ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರ ಮನೆಯಲ್ಲಿ ಸೀನು ಬರುತ್ತದೆ. ಮೇಲಿನಿಂದ ಬೇಳೆ ರುಬ್ಬುವ ಸದ್ದು ಕೇಳಿದೊಡನೆ ನನ್ನ ಅಮ್ಮ, "ಇವತ್ತು ಗಣಪತಿ ಮಂಡಳವೋ, ಕನ್ನಡ ಸಂಘವೋ?" ಎಂದು ಕೇಳುತ್ತಿದ್ದಳು.

ರಾಜೀನಾಮೆ ಕೊಟ್ಟ ಮೇಲೆ ಮನವೊಲಿಸಲು ಜನ ಬರಬೇಕು, ಬಂದವರಿಗೆ ಆ ಬೇಳೆಯ ವಡೆ, ಬಿಸಿ ಚಟ್ಟಂಬಡೆ, ಕೊಡಬೇಕು. ಇದು ಆ ಮನೆಯ ಪದ್ಧತಿ. ಬಂದವರು ತಿನ್ನುತ್ತಾ ತಿನ್ನುತ್ತಾ "ನೀವಿಲ್ಲದೆ ಹೇಗೆ ಭಾಸ್ಕರಣ್ಣ?" ಎನ್ನುವರು. ಇವರು ಮುಖ ಊದಿಸಿಕೊಂಡು ಕಿಟಕಿಯ ಹೊರಗೆ ನೋಡುವರು. ಎರಡನೆಯ ಸುತ್ತಿನ ಕಾಫಿ ಬರುವ ಹೊತ್ತಿಗೆ ಕರಗಿ, ಪತ್ರವನ್ನು ಒಮ್ಮೆ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ನೀಟಾಗಿ ನಾಲ್ಕು ತುಂಡು ಮಾಡಿ ಹರಿಯುವರು. ಓದದೆ ಹರಿದದ್ದನ್ನು ನಾನು ನೋಡಿಲ್ಲ. ಬರೆದದ್ದು ದಂಡವಾಗಬಾರದಲ್ಲ.

ಕಾರಣಗಳು ಒಂದೊಂದು ಸಲ ಒಂದೊಂದು. ಗಣಪತಿ ಮಂಡಳದ ಬ್ಯಾನರಿನಲ್ಲಿ ಇವರ ಮುಖವನ್ನು ಅಂಚೆಚೀಟಿಯಷ್ಟು ಚಿಕ್ಕದಾಗಿ ಹಾಕಿದ್ದರು. ಸಂಘದ ವಾರ್ಷಿಕೋತ್ಸವದಲ್ಲಿ ಮೈಕಿನವನಿಗೆ ಕೃತಜ್ಞತೆ ಹೇಳಿದ ಮೇಲೆ ಇವರಿಗೆ ಹೇಳಿದರು. ಸೊಸೈಟಿಯ ವಾಚ್‌ಮನ್ ಅಧ್ಯಕ್ಷರಿಗೆ ಸಲಾಮು ಹೊಡೆದು ಸೆಕ್ರೆಟರಿಯಾದ ಇವರನ್ನು ನೋಡಿ ಬರೀ ಹಲ್ಲು ಕಿರಿದ. ಒಂದು ದಿನ ನಾನು ಧೈರ್ಯ ಮಾಡಿ, "ಅಷ್ಟಕ್ಕೆಲ್ಲ ಬಿಟ್ಟುಬಿಡುವುದಾ?" ಎಂದು ಕೇಳಿದೆ. ಅವರಿಗೆ ನನ್ನ ಅಜ್ಞಾನ ಕಂಡು ಮರುಕವಾಯಿತು.

"ರಾಜೀನಾಮೆ ಅಂದ್ರೆ ಎಂತ ಅಂತ ಮಾಡಿದ್ದಿ ಮಾರಾಯ್ತಿ? ಅದು ಬಿಡ್ಲಿಕ್ಕೆ ಕೊಡುದಲ್ಲ. ನಾವು ಯಾರಿಗೆಲ್ಲ ಬೇಕು ಅಂತ ನೋಡ್ಲಿಕ್ಕೆ ಕೊಡುದು. ನಿಜವಾಗಿ ಬಿಡುವವ ಪತ್ರ ಬರೀತಾನಾ? ಸುಮ್ಮನೆ ಬರುದು ನಿಲ್ಲಿಸ್ತಾನೆ."

ಕಾರ್ಕಳದ ಕಡೆಯಿಂದ ಹುಡುಗನಾಗಿದ್ದಾಗ ಬಂದು, ಕಲ್ಯಾಣದ ಉಡುಪಿ ಹೋಟೆಲೊಂದರಲ್ಲಿ ಗ್ಲಾಸು ತೊಳೆದು, ಗಲ್ಲಾದವರೆಗೆ ಏರಿ ನಿವೃತ್ತರಾದವರು ಅವರು. ಗಂಜಿ ಹಾಕಿದ ಬಿಳಿ ಅರ್ಧ ತೋಳಿನ ಅಂಗಿ, ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಫೈಲಿನಲ್ಲಿ ಅವರ ಜೀವದಂಥ ಲೆಟರ್‌ಹೆಡ್. ಒಂದು ಪಕ್ಷದ ದಕ್ಷಿಣ ಭಾರತೀಯ ಘಟಕಕ್ಕೆ ಅವರು ಇಪ್ಪತ್ತು ವರ್ಷ ಉಪಾಧ್ಯಕ್ಷರಾಗಿದ್ದರು. ಯಾವ ಪಕ್ಷ ಎಂದು ನಾನು ಹೇಳುವುದಿಲ್ಲ, ಈಗ ಅದರೊಳಗಿನವರಿಗೇ ಅದು ಯಾವುದೆಂದು ಸರಿಯಾಗಿ ಗೊತ್ತಿಲ್ಲ.

ಅವರನ್ನು ನೋಡಿ ನಾವು ಎಷ್ಟು ನಕ್ಕರೂ ಆ ಲೆಟರ್‌ಹೆಡ್ ಸುಮ್ಮನೆ ಕೂತದ್ದಲ್ಲ. ಕಲ್ಯಾಣದ ಮಾರ್ಕೆಟಿನಲ್ಲಿ ಮೂಟೆ ಹೊರುವ ಕಲಬುರಗಿಯವರು, ಉಲ್ಹಾಸನಗರದ ಕಾರ್ಖಾನೆಗಳಲ್ಲಿ ದುಡಿಯುವ ರಾಯಚೂರಿನವರು, ಆಸ್ಪತ್ರೆಗೋ ಶಾಲೆಗೋ ರೇಷನ್ ಕಾರ್ಡಿಗೋ ಅವರನ್ನು ಹುಡುಕಿಕೊಂಡು ಮೂರು ಮಹಡಿ ಹತ್ತಿ ಬರುತ್ತಿದ್ದರು. ಇವರು ಪತ್ರ ಬರೆದು ಕೊಟ್ಟು ಕೈತೊಳೆದುಕೊಳ್ಳುತ್ತಿರಲಿಲ್ಲ. ಜೊತೆಗೇ ಹೋಗಿ ಕೂರುತ್ತಿದ್ದರು. ಮರಾಠಿ ಪತ್ರಗಳನ್ನು ತಿದ್ದುವ ಕೆಲಸ ನನ್ನದು, ಇಲ್ಲೇ ಹುಟ್ಟಿ ಮರಾಠಿ ಶಾಲೆಯಲ್ಲಿ ಓದಿದ್ದಕ್ಕೆ ಅವರು ಕೊಟ್ಟ ಶಿಕ್ಷೆ.

ರಾಜೀನಾಮೆಯ ಶಕ್ತಿಯನ್ನು ನಾನು ಕಣ್ಣಾರೆ ಕಂಡದ್ದು ನೀರಿನ ಟಾಂಕಿಯ ವಿಷಯದಲ್ಲಿ. ಟೆರೇಸಿನ ಟಾಂಕಿ ರಿಪೇರಿಗೆ ಹಿಡಿದ ಕಂತ್ರಾಟುದಾರ ಅರ್ಧ ಒಡೆದು ಹಾಕಿ ನಾಪತ್ತೆಯಾಗಿದ್ದ. ಹತ್ತು ದಿನ ನಾವೆಲ್ಲ ಬಕೆಟ್ ಹಿಡಿದು ಮೆಟ್ಟಿಲು ಹತ್ತಿ ಇಳಿದೆವು. ಭಾಸ್ಕರಣ್ಣ ನನ್ನನ್ನು ಕರೆದುಕೊಂಡು ಠಾಣೆ ಪಟ್ಟಣದಲ್ಲಿದ್ದ ಅವನ ಆಫೀಸಿಗೆ ಹೋಗಿ, ಬೈಯದೆ, ಕೂಗದೆ, ಒಂದು ಪತ್ರವನ್ನು ಮೇಜಿನ ಮೇಲಿಟ್ಟರು. ಪಕ್ಷಕ್ಕೆ ಕೊಡುವ ರಾಜೀನಾಮೆ ಪತ್ರ. ಕಾರಣ ಎಂಬಲ್ಲಿ ಆ ಕಂತ್ರಾಟುದಾರನ ಹೆಸರು.

"ಮೈ ಇಸ್ತೀಫಾ ದೇತಾ ಹೂಂ. ಆಪ್ ಕೇ ಕಾರಣ್. ಅಭೀ ಸಾಹೇಬ್ ಕೋ ಭೇಜತಾ ಹೂಂ," ಎಂದರು. ನಿಮ್ಮಿಂದಾಗಿ ರಾಜೀನಾಮೆ ಕೊಡುತ್ತಿದ್ದೇನೆ, ಈಗಲೇ ಪಕ್ಷದ ಶಾಖೆಯ ಸಾಹೇಬರಿಗೆ ಕಳಿಸುತ್ತೇನೆ ಎಂದು.

ಆ ಮನುಷ್ಯನಿಗೆ ಇವರು ಯಾರೆಂದೇ ಗೊತ್ತಿರಲಿಲ್ಲ. ಆದರೆ ಪಕ್ಷದ ಪತ್ರವೊಂದರಲ್ಲಿ ತನ್ನ ಹೆಸರು ಓಡಾಡುವುದು ಅವನಿಗೆ ಬೇಡವಾಗಿತ್ತು. ನೀರು ತರಿಸಿ ಕುಡಿಸಿದ, ಚಹಾ ತರಿಸಿದ, "ಐಸಾ ಮತ್ ಕೀಜಿಯೇ ಅಣ್ಣಾ" ಎಂದು ಕೈಮುಗಿದ. ಮರುದಿನ ಬೆಳಿಗ್ಗೆ ಕೆಲಸದವರು ಬಂದರು. ವಾಪಸು ಬರುವಾಗ ಟ್ರೈನಿನಲ್ಲಿ ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಅವರು ನಗಲಿಲ್ಲ. "ಅವ ಬೇಡ ಅಂತ ಹೇಳದಿದ್ರೆ ಕೊಡ್ಲೇ ಬೇಕಾಗ್ತಿತ್ತಲ್ಲ, ಅದೇ ಹೆದರಿಕೆ ನಂಗೆ," ಎಂದರು.

ಹೀಗಿರುವಾಗ ಒಂದು ಮಳೆಗಾಲದಲ್ಲಿ ಆ ಪಕ್ಷದ ಮೇಲಿನ ಮಟ್ಟದಲ್ಲಿ ಜಗಳ ಹತ್ತಿಕೊಂಡಿತು. ಹಳೆಯ ಅಧ್ಯಕ್ಷರೊಬ್ಬರು, ಹೊಸ ಬಣದವರೊಬ್ಬರು, ಅಧ್ಯಕ್ಷ ನಾನು, ಅಲ್ಲ ನಾನು ಎಂದು. ಕೆಳಗಿನವರೆಲ್ಲ ಬೆಳಗಾದರೆ ಫೇಸ್‌ಬುಕ್ಕಿನಲ್ಲಿ ರಾಜೀನಾಮೆ ಹಾಕಲು ಶುರು ಮಾಡಿದರು. ಪತ್ರದ ಫೋಟೊ, ಹಸಿರು ಶಾಯಿಯ ಸಹಿ, ಮೇಲೆ ಕೈಮುಗಿದ ತಮ್ಮದೇ ಚಿತ್ರ. ಸೀವುಡ್ಸಿನ ಒಬ್ಬ ಕಾರಿನೊಳಗೆ ಕೂತು ಲೈವ್ ಬಂದು ಅತ್ತ. ಕಲ್ಯಾಣದ ಒಬ್ಬ ಬೆಳಿಗ್ಗೆ ಕೊಟ್ಟು, ಮಧ್ಯಾಹ್ನ ಹಿಂತೆಗೆದುಕೊಂಡು, ಸಂಜೆ ಮತ್ತೆ ಕೊಟ್ಟ. ಭಾಸ್ಕರಣ್ಣ ಕನ್ನಡಕ ಏರಿಸಿ ಒಂದೊಂದನ್ನೂ ಪರೀಕ್ಷಕರ ಹಾಗೆ ಓದುತ್ತಿದ್ದರು.

"ಭಾರವಾದ ಹೃದಯದಿಂದ ಅಂತೆ! ಮೂರು ವರ್ಷದಿಂದ ಮೀಟಿಂಗಿಗೇ ಬಂದವನಲ್ಲ ಇವ. ಹೃದಯ ಭಾರ ಆದದ್ದು ಯಾವಾಗ?" ಎಂದು ಗೊಣಗುವರು. "ಮತ್ತೆ, ಇದು ಕ್ರಮವಾ? ಕೈಯಲ್ಲಿ ಕೊಡದೆ ಸಿನೆಮಾ ಪೋಸ್ಟರಿನ ಹಾಗೆ ಅಂಟಿಸುದು? ಸಮಾಧಾನ ಮಾಡ್ಲಿಕ್ಕೆ ಬರುವವ ಎಲ್ಲಿಗೆ ಬರಬೇಕು?"

ಇಷ್ಟು ಹೇಳಿದವರೇ ಒಂದು ಶನಿವಾರ ಕೆಳಗಿಳಿದು ನಮ್ಮ ಮನೆಗೆ ಬಂದರು. ಹಳೆಯ ಅಧ್ಯಕ್ಷರ ಜೊತೆ ನಿಂತು ರಾಜೀನಾಮೆ ಕೊಟ್ಟವರ ಪಟ್ಟಿಯೊಂದು ಪಕ್ಷದ ವಾಟ್ಸಾಪ್ ಗುಂಪಿನಲ್ಲಿ ಬಂದಿತ್ತು. ಅದರಲ್ಲಿ ನಿನ್ನೆ ಮೊನ್ನೆ ಸೇರಿದವರ ಹೆಸರೂ ಇತ್ತು, ಇವರದಿರಲಿಲ್ಲ. "ಇಪ್ಪತ್ತು ವರ್ಷ ಆಯ್ತು. ನಾನು ಎಲ್ಲಿದ್ದೇನೆ ಅಂತ ಒಬ್ಬನಾದ್ರೂ ಕೇಳ್ಬೇಕಾ ಬೇಡ್ವಾ?" ಎಂದರು. ಕಣ್ಣು ತುಂಬಿತ್ತು. ಹೊಸ ಬಣದವರಾದರೂ "ಹೋಗಬೇಡಿ" ಅನ್ನಬೇಕು, ಹಳೆಯವರಾದರೂ "ಬನ್ನಿ" ಅನ್ನಬೇಕು. ಇಷ್ಟೇ ಅವರಿಗೆ ಬೇಕಾದದ್ದು.

ಪತ್ರವನ್ನು ನಾನೇ ಟೈಪ್ ಮಾಡಿದೆ, ಮೇಲೆ ಮರಾಠಿ, ಕೆಳಗೆ ಕನ್ನಡ. "ಭಾರವಾದ ಹೃದಯ ಬೇಡ" ಎಂದು ಆಜ್ಞೆಯಾಯಿತು. ಭಾನುವಾರ ಬೆಳಿಗ್ಗೆ ಅವರ ಫೋನಿನಿಂದ ಅದನ್ನು ಫೇಸ್‌ಬುಕ್ಕಿಗೆ ಹಾಕಿದವಳೂ ನಾನೇ. ಅಷ್ಟರಲ್ಲಿ ಸುಮತಿಯಕ್ಕ ಎರಡು ಕಿಲೋ ಬೇಳೆ ರುಬ್ಬಿಯಾಗಿತ್ತು. ದೊಡ್ಡ ಪಕ್ಷದ ರಾಜೀನಾಮೆ, ಜನ ಹೆಚ್ಚು ಬರುತ್ತಾರೆಂದು ಲೆಕ್ಕ. ನಮ್ಮ ಮನೆಯ ಆರು ಪ್ಲಾಸ್ಟಿಕ್ ಕುರ್ಚಿಗಳೂ ಮೇಲೆ ಹೋದವು. ಭಾಸ್ಕರಣ್ಣ ಇಸ್ತ್ರಿ ಅಂಗಿ ತೊಟ್ಟು, ಮೆಟ್ಟಿಲು ಕಾಣುವಂತೆ ಬಾಗಿಲು ತೆರೆದಿಟ್ಟು, ಸೋಫಾದ ಮೇಲೆ ಕೂತರು.

ಜನ ಬಂದರು, ಆದರೆ ಫೋನಿನಲ್ಲಿ. ಹೆಬ್ಬೆರಳು, ಹೆಬ್ಬೆರಳು, ಮುಗಿದ ಕೈ, ಮತ್ತೆ ಹೆಬ್ಬೆರಳು. ಪತ್ರವನ್ನು ಓದುವ ತಾಳ್ಮೆಯಿಲ್ಲದೆ ಬರೀ ಫೋಟೊ ನೋಡಿದ ಹನ್ನೆರಡು ಮಂದಿ ಅಭಿನಂದನೆ ಹೇಳಿದರು. ಇಬ್ಬರು ಹುಟ್ಟುಹಬ್ಬದ ಶುಭಾಶಯ ಕೋರಿದರು. ಒಬ್ಬ ಕೇಕಿನ ಚಿತ್ರವನ್ನೂ ಹಾಕಿದ. ಮೂರು ಗಂಟೆಗೆ ಶಾಖೆಯ ಸಾಹೇಬರು, ಇವರು ಇಪ್ಪತ್ತು ವರ್ಷ ಯಾರ ಹಿಂದೆ ಓಡಾಡಿದ್ದರೋ ಅವರೇ, ಒಂದು ಹೆಬ್ಬೆರಳು ಒತ್ತಿದರು. ಐದಕ್ಕೆ ಹೊಸ ಬಣದವರು ರಾಜೀನಾಮೆ ಅಂಗೀಕಾರವಾಗಿದೆ ಎಂದು ತಿಳಿಸಿ, ಖಾರಘರದ ಯಾರೋ ತರುಣನನ್ನು ಉಪಾಧ್ಯಕ್ಷನೆಂದು ಘೋಷಿಸಿದರು. ಅವನ ಫೋಟೊಗೂ ಅದೇ ಜನ ಅದೇ ಅಭಿನಂದನೆ ಹೇಳಿದರು.

ಮೆಟ್ಟಿಲ ಮೇಲೆ ಒಂದು ಹೆಜ್ಜೆಯ ಸದ್ದಿಲ್ಲ. ಆರು ಗಂಟೆಗೆ ಸುಮತಿಯಕ್ಕ ಚಟ್ಟಂಬಡೆಗಳನ್ನು ಡಬ್ಬಿಗೆ ತುಂಬಿ ಮನೆಮನೆಗೆ ಹಂಚಿದರು. ನಮ್ಮ ಮನೆಗೆ ಬಂದಾಗ, "ಇಷ್ಟು ವರ್ಷ ಕಾಗದದ ರಾಜೀನಾಮೆ ಕೊಡ್ತಾ ಇದ್ರು, ಒಳ್ಳೇದಿತ್ತು" ಎಂದಷ್ಟೇ ಹೇಳಿದರು. ನಾನು ಕುರ್ಚಿ ತರಲು ಮೇಲೆ ಹೋದೆ. ಭಾಸ್ಕರಣ್ಣ ಅದೇ ಸೋಫಾದ ಮೇಲೆ ಪೆಚ್ಚುಮೋರೆ ಹಾಕಿಕೊಂಡು ಕೂತಿದ್ದರು.

"ನೀನೂ ಹೆಬ್ಬೆರಳು ಒತ್ತಿದ್ದಿ," ಎಂದರು. "ನೋಡಿದೆ."

ಹೌದು, ಒತ್ತಿದ್ದೆ. ಎಲ್ಲರ ಪೋಸ್ಟಿಗೂ ಒತ್ತುವ ಹಾಗೆ, ಕೆಳಗಿನ ಮಹಡಿಯಲ್ಲಿ ಮಂಚದ ಮೇಲೆ ಮಲಗಿಕೊಂಡು. ಹದಿನೆಂಟು ಮೆಟ್ಟಿಲು ಹತ್ತಿ "ಯಾಕೆ ಬಿಡ್ತೀರಿ?" ಎಂದು ಕೇಳಬಹುದೆಂದು ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ, ಟೈಪ್ ಮಾಡಿದವಳೇ ಹೋಗಿ ಬೇಡವೆನ್ನುವುದು ಹೇಗೆ ಎಂದುಕೊಳ್ಳುತ್ತಿದ್ದೆನೋ ಏನೋ. ಇದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಆ ವಾರವೆಲ್ಲ ಅವರು ಮನೆಯಿಂದ ಹೊರಗೆ ಬರಲಿಲ್ಲ. ಎಂಟನೆಯ ದಿನ ಕಲ್ಯಾಣದಿಂದ ಮಲ್ಲಮ್ಮ ಬಂದಳು. ಗಂಡ ಮಾರ್ಕೆಟಿನಲ್ಲಿ ಹಮಾಲಿ, ತಾನು ಕಟ್ಟಡ ಕೆಲಸ. ಮಗಳನ್ನು ಶಾಲೆಗೆ ಸೇರಿಸಬೇಕು, ಊರಿನ ಶಾಲೆಯ ದಾಖಲೆ ಕನ್ನಡದಲ್ಲಿದೆ, ಇಲ್ಲಿನ ಹೆಡ್‌ಮಾಸ್ತರಿಗೆ ಓದಲು ಬರುವುದಿಲ್ಲ. ಭಾಸ್ಕರಣ್ಣ ಸೋಫಾದಿಂದ ಏಳದೆ, "ನಾನೀಗ ಎಂತ ಮಾಡ್ಲಿ ಅಮ್ಮ? ಪಾರ್ಟಿ ಬಿಟ್ಟಿದ್ದೇನೆ. ಲೆಟರ್‌ಹೆಡ್ ಇಲ್ಲ," ಎಂದರು.

ಮಲ್ಲಮ್ಮ ಅವರನ್ನು ಮೇಲಿನಿಂದ ಕೆಳಗೆ ನೋಡಿದಳು. "ಬಿಟ್ರ ಬಿಡ್ರಿ ಯಣ್ಣಾ. ಅದು ಯಾವ ಪಾರ್ಟಿನೋ ನಮಗೇನ್ ಗೊತ್ತು? ನಿಮ್ ಕಾಲು ಅದಾವಲ್ಲ? ಚಪ್ಪಲ್ ಮೆಟ್ಕೊಂಡ್ ನಡ್ರಿ. ಹೊತ್ತಾದ್ರ ಶಾಲಿ ಬಾಗ್ಲ ಹಾಕ್ತಾರ."

ಅವರು ಚಪ್ಪಲಿ ಮೆಟ್ಟಿದರು. ಬರೆಯಲು ಬೇಕೆಂದು ನನ್ನನ್ನೂ ಎಬ್ಬಿಸಿಕೊಂಡು ಹೋದರು. ಮೊದಲಾದರೆ ಹೆಡ್‌ಮಾಸ್ತರು ಎದ್ದು ಕುರ್ಚಿ ಕೊಡುತ್ತಿದ್ದರಂತೆ. ಆವತ್ತು ನಾವು ಎರಡು ತಾಸು ವರಾಂಡದಲ್ಲಿ ನಿಂತೆವು. ಒಳಗೆ ಕರೆದಾಗ ಭಾಸ್ಕರಣ್ಣ ಆ ದಾಖಲೆಯನ್ನು ಸಾಲುಸಾಲಾಗಿ ಕನ್ನಡದಲ್ಲಿ ಓದಿ, ತಮ್ಮ ಹೋಟೆಲ್ ಮರಾಠಿಯಲ್ಲಿ ಅರ್ಥ ಹೇಳಿದರು. ನಾನು ಬರೆದೆ. ಅವರು ಕೆಳಗೆ ಸಹಿ ಹಾಕಿದರು. ಹೆಸರಿನಡಿ ಪದವಿ ಬರೆಯುವ ಜಾಗದಲ್ಲಿ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಅಲ್ಲಿ ಫೋನ್ ನಂಬರು ಬರೆದರು. ಹುಡುಗಿಗೆ ಸೀಟು ಸಿಕ್ಕಿತು. "ಎರಡು ತಾಸು ಹೆಚ್ಚು ಹಿಡೀತದೆ, ಅಷ್ಟೆ," ಎಂದು ಹೊರಗೆ ಬಂದು ನನಗೂ ಮಲ್ಲಮ್ಮನಿಗೂ ಕಬ್ಬಿನ ಹಾಲು ಕುಡಿಸಿದರು. ಆಮೇಲೆ ಎರಡು ವರ್ಷ ಹಾಗೆಯೇ, ಪದವಿಯಿಲ್ಲದೆ, ಸಾಲಿನಲ್ಲಿ ನಿಂತು ಅದೇ ಕೆಲಸ ಮಾಡಿದರು.

ಸುಮತಿಯಕ್ಕನ ಮಂಡಿ ಮೂರು ಮಹಡಿಗೆ ಒಪ್ಪದಾದಾಗ ಖಾರಘರದಲ್ಲಿದ್ದ ಮಗಳು ಇಬ್ಬರನ್ನೂ ಕರೆಸಿಕೊಂಡಳು. ಅಲ್ಲಿಂದ ಒಮ್ಮೆ ಫೋನ್ ಮಾಡಿ, "ಇಲ್ಲಿ ಇಪ್ಪತ್ತೆಂಟು ಮಾಳಿಗೆ ಉಂಟು, ಒಂದು ಕಮಿಟಿಗೂ ನನ್ನನ್ನು ಸೇರಿಸ್ಲಿಲ್ಲ. ರಾಜೀನಾಮೆ ಕೊಡುದಾದ್ರೂ ಎಲ್ಲಿಗೆ?" ಎಂದು ದೂರಿದರು. ವರ್ಷ ತುಂಬುವ ಮೊದಲೇ ಹೃದಯಾಘಾತದಲ್ಲಿ ತೀರಿಕೊಂಡರು. ಆ ಫೋನಿನ ನಂತರ ನಾವು ಮಾತಾಡಿರಲಿಲ್ಲ. ಕೊನೆಯ ಸಲ ಮುಖ ನೋಡಿದ್ದು ಅವರು ಡೊಂಬಿವಲಿ ಬಿಟ್ಟ ದಿನವೇ.

ಅಂದು ಬೆಳಿಗ್ಗೆ ಟೆಂಪೊ ಬಂದು ನಿಂತದ್ದು ನೋಡಿಯೇ ನಮಗೆ ವಿಷಯ ತಿಳಿದದ್ದು. ಯಾರಿಗೂ ಹೇಳಿರಲಿಲ್ಲ. ಹೇಳಿ, ಯಾರೂ ಬರದಿದ್ದರೆ ಎಂಬ ಭಯವಿದ್ದಿರಬೇಕು. ಸಾಮಾನು ಏರಿಸಿಯಾಗಿತ್ತು. ಸುಮತಿಯಕ್ಕ ಮಗಳ ಕಾರಿನಲ್ಲಿ ಮುಂದೆ ಹೋಗಿದ್ದರು. ಭಾಸ್ಕರಣ್ಣ ಡ್ರೈವರನ ಪಕ್ಕ ಏರಿ ಕೂತು ಬಾಗಿಲು ಹಾಕುವಷ್ಟರಲ್ಲಿ ನಾನು ಆಫೀಸಿನ ಚೀಲ ಎಸೆದು ಓಡಿಹೋಗಿ ಆ ಬಾಗಿಲು ಹಿಡಿದುಕೊಂಡೆ.

"ಹೋಗಬೇಡಿ ಭಾಸ್ಕರಣ್ಣ. ನೀವಿಲ್ಲದೆ ನಮಗೆ ಹೇಗಾಗ್ತದೆ?"

ಅವರ ಮುಖ ಅರಳಿದ್ದನ್ನು ನಾನು ಮರೆಯಲಾರೆ. ಕೂಡಲೇ ಅದನ್ನು ಗಂಟಿಕ್ಕಿಕೊಂಡು ಎದುರಿನ ಗಾಜಿನ ಕಡೆ ತಿರುಗಿದರು. "ಛೆ ಛೆ, ಈಗ ಹೇಳಿದ್ರೆ ಎಂತ ಪ್ರಯೋಜನ? ತೀರ್ಮಾನ ಆಗಿ ಹೋಗಿದೆ. ಇನ್ನು ಬದಲಾಯಿಸ್ಲಿಕ್ಕೆ ಆಗುದಿಲ್ಲ," ಎಂದರು.

ಡ್ರೈವರ್ ಹಾರ್ನ್ ಹೊಡೆದು ಗಾಡಿ ಚಾಲು ಮಾಡಿದ. ಭಾಸ್ಕರಣ್ಣ ಅವನ ಕೈ ಹಿಡಿದು, "ಅರೇ ಭಾಯ್, ದೋ ಮಿನಿಟ್ ರುಕೋ," ಎಂದು ಗದರಿಸಿ, ನನ್ನ ಕಡೆ ಬಾಗಿದರು.

"ಹ್ಞಾಂ, ನೀನು ಏನೋ ಹೇಳ್ತಾ ಇದ್ದಿ."